ಮಂಡಿಯ ಎಣ್ಣೆ, ಹಣೆಯ ಉರಿ

ಹರಿಹರದಲ್ಲಿ ಆ ಭಾನುವಾರ ನಿಜವಾಗಿ ಏನು ನಡೆಯಿತು ಎಂಬುದು ನನಗೆ ಖಚಿತವಿಲ್ಲ. ನಾನು ಅಲ್ಲಿದ್ದೆ, ನಡೆದದ್ದು ನನ್ನ ಮುಖದ ಮೇಲೆಯೇ, ಆದರೂ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವಾಗ ಎಲ್ಲವನ್ನೂ ಅನುಮಾನಿಸಿ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟರು. ದೇವರು, ಜ್ಯೋತಿಷ, ಟೂತ್‌ಪೇಸ್ಟಿನ ಜಾಹೀರಾತು, ಎಲ್ಲವನ್ನೂ ಶ್ರದ್ಧೆಯಿಂದ ಅನುಮಾನಿಸಿಕೊಂಡು ಬಂದೆ. ಈಗ ಹೊರಗೆ ಏನೂ ಉಳಿದಿಲ್ಲವೆಂದೋ ಏನೋ, ಆ ಅಭ್ಯಾಸ ಒಳಕ್ಕೆ ತಿರುಗಿ ನನ್ನ ನೆನಪನ್ನೇ ಹಿಡಿದುಕೊಂಡಿದೆ. ಬಾಗಿಲಿಗೆ ಬೀಗ ಹಾಕಿದಿರಾ ಎಂದು ಹೆಂಡತಿ ಕೇಳಿದರೆ "ಹಾಕಿರುವ ಸಾಧ್ಯತೆ ಇದೆ" ಎನ್ನುವ ಮಟ್ಟಕ್ಕೆ ಬಂದಿದ್ದೇನೆ.

ಎಲ್ಲಕ್ಕೂ ಮೂಲ ನಮ್ಮತ್ತೆಯ ಮಂಡಿ. ಅವರು ದಾವಣಗೆರೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಡಾಕ್ಟರು ಕೊಟ್ಟ ಮುಲಾಮು ಹಚ್ಚಿ ಬೇಸತ್ತು ಒಂದು ದಿನ, "ನಮ್ಮವ್ವ ಮೆಣಸಿನಕಾಯಿ ಎಣ್ಣಿ ಕಾಸಿ ಹಚ್ಚತಿದ್ಲು. ಹಿಡಿತ ಬಿಟ್ಟು ಹೋಗ್ತಿತ್ತು" ಎಂದರು. ನಾನು ನಗುತ್ತೇನೆಂದು ಹೆಂಡತಿ ಗಿರಿಜಾ ಕಾದಳು. ನಗಲಾಗಲಿಲ್ಲ. ಮೆಣಸಿನಕಾಯಿಯನ್ನು ಖಾರ ಮಾಡುವ ವಸ್ತುವನ್ನೇ ಹಾಕಿ ನೋವಿನ ಮುಲಾಮು ಮಾಡುತ್ತಾರೆಂದು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ. ಸಂದೇಹವಾದಿಗೆ ಸಂಗತಿಯ ಬಗ್ಗೆ ತಕರಾರು ತೆಗೆಯಲು ಬಾರದಿದ್ದರೆ ಉಳಿಯುವುದು ವಿಧಾನದ ಬಗ್ಗೆ ತಕರಾರು. ಹಾಗಾಗಿ ಎಣ್ಣೆಯನ್ನು ನಾನೇ ಮಾಡುತ್ತೇನೆ, ಸುರಕ್ಷಿತವಾಗಿ ಮಾಡುತ್ತೇನೆ ಎಂದು ಘೋಷಿಸಿದೆ.

ಪೇಟೆಗೆ ಹೋಗಿ ಮೆಣಸಿನಕಾಯಿ ತಂದೆ. ಅಡಿಗೆಮನೆಯ ಕಿಟಕಿಗಳನ್ನೆಲ್ಲ ತೆರೆಸಿದೆ. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಪ್ರಯೋಗಶಾಲೆಯ ಹಳೆಯ ಕನ್ನಡಕ. ಕಾಯಿ ಮುರಿದು ಎಣ್ಣೆಗೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು, ಹೊಗೆಯೇಳದಂತೆ ಸಣ್ಣ ಉರಿಯಲ್ಲಿ ಕಾಯಿಸಿದೆ. ಗಿರಿಜಾ ಬಾಗಿಲಲ್ಲಿ ನಿಂತು, "ಮಂಡಕ್ಕಿ ಒಗ್ಗರಣಿಗೂ ಇಷ್ಟು ಶಾಸ್ತ್ರ ಮಾಡಿದ್ರೆ ದಾವಣಗೇರಿ ಮಂದಿ ಉಪವಾಸ ಸಾಯ್ತಿದ್ರು" ಎಂದಳು. ಆರಿಸಿ, ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿ, "ಹೊರಗೆ ಹಚ್ಚಲು ಮಾತ್ರ" ಎಂದು ಚೀಟಿ ಅಂಟಿಸಿ, ಒಗ್ಗರಣೆ ಡಬ್ಬಿಯಿಂದ ದೂರ, ಪುಸ್ತಕದ ಕಪಾಟಿನಲ್ಲಿಟ್ಟೆ. ಮೊದಲು ನನ್ನ ಮುಂಗೈಗೆ ಒಂದು ಹನಿ ಹಚ್ಚಿಕೊಂಡು ಮರುದಿನದವರೆಗೆ ಕಾದೆ. ಏನೂ ಆಗಲಿಲ್ಲ. ಸುರಕ್ಷಿತವೆಂದು ಪ್ರಕಟಿಸಿದೆ.

ನಿಯಮಗಳನ್ನು ಅತ್ತೆಗೆ ಓದಿ ಹೇಳಿದೆ: ಗಾಯವಿದ್ದ ಕಡೆ ಹಚ್ಚಬಾರದು, ಬಿಸಿನೀರಿನ ಸ್ನಾನವಾದ ಕೂಡಲೇ ಹಚ್ಚಬಾರದು, ಹಚ್ಚಿ ಬಿಗಿಯಾಗಿ ಬಟ್ಟೆ ಕಟ್ಟಬಾರದು, ಉರಿ ಹೆಚ್ಚಾದರೆ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಹಚ್ಚಿದವರು ಬರೀ ನೀರಿನಲ್ಲಿ ಕೈ ತೊಳೆದರೆ ಸಾಲದು. ಖಾರ ನೀರಿಗೆ ಕರಗುವುದಿಲ್ಲ. ಸಾದಾ ಎಣ್ಣೆ ಸವರಿಕೊಂಡು ಆಮೇಲೆ ಸೋಪು ಹಾಕಿ ತೊಳೆಯಬೇಕು, ಅಲ್ಲಿಯವರೆಗೆ ಕಣ್ಣು ಮುಟ್ಟಬಾರದು. "ಅಳಿಯಂದ್ರೆ, ಇದು ಎಣ್ಣಿಯೋ ಏನು ಬಾಂಬೋ" ಎಂದರು ಅತ್ತೆ. ಆದರೆ ದಿನವೂ ನನ್ನ ಕೈಯಿಂದಲೇ ಹಚ್ಚಿಸಿಕೊಂಡರು. ವಾರ ಕಳೆಯುವುದರೊಳಗೆ ನೋವು ಇಳಿದಿದೆ ಎಂದೂ ಹೇಳಿದರು. ಸ್ಟಾಫ್ ರೂಮಿನಲ್ಲಿ ಈ ಫಲಿತಾಂಶವನ್ನು ನಾನು ಸಾಕಷ್ಟು ವಿನಯದಿಂದ ಪ್ರಚಾರ ಮಾಡಿದೆ.

ಇನ್ನು ಆ ಭಾನುವಾರ. ಹರಿಹರದಲ್ಲಿರುವ ನನ್ನ ನಾದಿನಿ ಶಕುಂತಲಾಳ ಮಗಳು ಕಾವ್ಯ, ಅದೇ ಊರಿನ ಕಿರಾಣಿ ವರ್ತಕರ ಮಗನನ್ನು ಮೆಚ್ಚಿಕೊಂಡಿದ್ದಳು. ಹುಡುಗನೂ ಒಪ್ಪಿದ್ದ. ಒಪ್ಪದೆ ಉಳಿದವರು ಹುಡುಗನ ಅಜ್ಜಿ ಒಬ್ಬರೇ. ದೇವರು ದಿಂಡರು ಇರುವ ಮನೆಯ ಹೆಣ್ಣೇ ಬೇಕು ಎಂಬುದು ಅವರ ಹಟ. ಹೆಣ್ಣಿಗೆ ದಾವಣಗೆರೆಯಲ್ಲೊಬ್ಬ ದೊಡ್ಡಪ್ಪನಿದ್ದಾನೆ, ಪೂಜೆಯೆಂದರೆ ಕುಹಕ ಮಾಡುತ್ತಾನೆ ಎಂಬ ಸುದ್ದಿ ಯಾರಿಂದಲೋ ಅವರ ಕಿವಿ ಮುಟ್ಟಿತ್ತು. ಆ ದೊಡ್ಡಪ್ಪ ನಾನು. ಅವರನ್ನೂ ಕರಕೊಂಡು ಬರ್ರಿ, ನೋಡಬೇಕು ಎಂದು ಅಜ್ಜಿ ಹೇಳಿಕಳಿಸಿದ್ದರು.

ಬಸ್ಸಿಳಿದು ಶಕುಂತಲಾಳ ಮನೆ ಸೇರಿದಾಗ, ಜೊತೆಗೆ ಬಂದಿದ್ದ ಅತ್ತೆಯ ಮಂಡಿ ಹಿಡಿದುಕೊಂಡಿತ್ತು. ಬಾಟಲಿ ತಂದಿದ್ದೆ, ಗ್ಲೌಸು ಮರೆತಿದ್ದೆ. ಬರಿಗೈಯಲ್ಲೇ ಹಚ್ಚಿದೆ. ಆಮೇಲೆ ಸೋಪು ಹಾಕಿ ಕೈ ತೊಳೆದೆ ಎಂದು ನನ್ನ ನೆನಪು. ತೊಟ್ಟಿಯಲ್ಲಿ ಕೈ ಅದ್ದಿ ಪಂಚೆಗೆ ಒರೆಸಿಕೊಂಡಿರಿ ಎಂದು ಗಿರಿಜಾಳ ನೆನಪು. ಶಕುಂತಲಾಗೆ ಕೈಯ ವಿಷಯ ನೆನಪಿಲ್ಲ, ಅವಳ ಕಣ್ಣೆಲ್ಲ ನನ್ನ ಬಾಯಿಯ ಮೇಲಿತ್ತು. "ಭಾವ, ಇವತ್ತೊಂದಿನ ಸುಮ್ಕಿರ್ರಿ. ವಾದ ಬ್ಯಾಡ. ಹುಡುಗಿ ಮೂರ್ದಿನದಿಂದ ನೆಟ್ಟಗ ಉಂಡಿಲ್ಲ" ಎಂದಳು. ಕಾವ್ಯ ನನ್ನ ಅಂಗಿಯ ಕಾಲರ್ ಸರಿಮಾಡಿದಳು.

ಹುಡುಗನ ಮನೆಯಲ್ಲಿ ಚಹಾಕ್ಕೆ ಮೊದಲು ಪ್ರಾರ್ಥನೆ. ವಿಭೂತಿಯ ತಟ್ಟೆ ಕೈಯಿಂದ ಕೈಗೆ ಬಂತು. ಎಲ್ಲರೂ ನೋಡುತ್ತಿದ್ದರು. ನಾನೂ ಬೆರಳು ಒದ್ದೆ ಮಾಡಿಕೊಂಡು, ವಿಭೂತಿ ಉಜ್ಜಿ, ಮೂರು ಬೆರಳಿನಿಂದ ಹಣೆಯ ಉದ್ದಕ್ಕೂ ಎಳೆದೆ. ಅಜ್ಜಿ ಕಣ್ಣು ಮುಚ್ಚಿ ಹಾಡತೊಡಗಿದರು. ಹಲ್ಲಿಲ್ಲದ ಬಾಯಿ, ಶ್ರುತಿಯೂ ಅಷ್ಟಕ್ಕಷ್ಟೇ. ಎತ್ತರದ ಸ್ವರದಲ್ಲಿ ಧ್ವನಿ ಒಡೆಯಿತು, ಅವರು ನಿಲ್ಲಿಸಲಿಲ್ಲ, ಒಡೆದ ಧ್ವನಿಯಲ್ಲೇ ಹತ್ತಿದರು. ಪಕ್ಕದಲ್ಲಿ ಕಾವ್ಯ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ ಕೂತಿದ್ದಳು. ಅಷ್ಟರಲ್ಲಿ ನನ್ನ ಹಣೆ ಉರಿಯಿತು. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು. ಕಣ್ಣೀರು ಸುರಿಯತೊಡಗಿತು. ಒರೆಸಲು ಕೈಯೆತ್ತಿದವನು ನನ್ನದೇ ನಿಯಮ ನೆನಪಾಗಿ ಕೈ ಇಳಿಸಿದೆ. ಹಾಗಾಗಿ ಹಾಡು ಮುಗಿಯುವವರೆಗೂ ಒರೆಸಿಕೊಳ್ಳದೆ, ಕೈಮುಗಿದುಕೊಂಡು ಅಳುತ್ತ ಕೂತೆ.

ಅಜ್ಜಿ ಕಣ್ಣು ತೆರೆದು ನನ್ನನ್ನೇ ನೋಡಿದರು. "ನಾನು ಏನೇನೋ ಕೇಳಿದ್ನಪ್ಪ ನಿಮ್ಮ ಬಗ್ಗೆ. ಮಂದಿ ಬಾಯಿಗೆ ಹುಳ ಬೀಳ. ಕಣ್ಣೀರು ಒರೆಸ್ಕೊಳ್ಳೋ ಎಚ್ಚರನೂ ಇಲ್ಲ ನೋಡ್ರಿ ಈ ಮನುಷ್ಯಾಗ" ಎಂದರು.

ಸತ್ಯ ಹೇಳಬೇಕೆಂದು ಬಾಯಿ ತೆರೆದೆ. ಅಮ್ಮಾ, ಇದು ಭಕ್ತಿಯಲ್ಲ, ಮೆಣಸಿನಕಾಯಿ, ಎಂದಷ್ಟೇ ಹೇಳಬೇಕಿದ್ದದ್ದು. ಕಾವ್ಯ ಸೆರಗು ಸುತ್ತುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು. ಬಾಯಿ ಮುಚ್ಚಿದೆ. ಇಡೀ ವೃತ್ತಿಜೀವನದಲ್ಲಿ ಒಂದು ತಪ್ಪು ನಿರ್ಣಯವನ್ನು ತಿದ್ದದೆ ಬಿಟ್ಟದ್ದು ಅದೇ ಮೊದಲಿರಬೇಕು. "ಆತು, ಸಂಬಂಧ ಒಪ್ಪಿಗಿ. ಸಕ್ಕರಿ ತರ್ರಿ" ಎಂದರು ಅಜ್ಜಿ. ಶಕುಂತಲಾ ಅಲ್ಲೇ ಅತ್ತುಬಿಟ್ಟಳು. ಅವಳ ಕೈಯಲ್ಲಿ ಮೆಣಸಿನಕಾಯಿ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜಾ, "ಎಲ್ಲಿ ಹೇಳೇಬಿಡ್ತೀರೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು" ಎಂದಳು. ಎಣ್ಣೆಯ ಅಂಶ ಚರ್ಮಕ್ಕೆ ಅಂಟುವ ಬಗೆ, ಬೆವರಿನೊಂದಿಗೆ ಕಣ್ಣಿಗಿಳಿಯುವ ಬಗೆಯನ್ನು ನಾನು ದಾವಣಗೆರೆ ಬರುವವರೆಗೂ ವಿವರಿಸಿದೆ. "ಹೂಂ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಮುಂದೆ ಕಾಲೇಜಿನಲ್ಲಿ, ಮದುವೆ ಮನೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಅದೇ ವಿವರಣೆ ಕೊಟ್ಟೆ. ಹೇಳಿ ಹೇಳಿ ಅದು ಬಹಳ ನುಣುಪಾಯಿತು. ನುಣುಪಾದದ್ದರ ಮೇಲೆ ನನಗೆ ಅನುಮಾನ ಬರುವುದು ಸಹಜ. ಮೊದಲು ಉರಿದದ್ದು ಹಣೆಯೋ, ಮೊದಲು ಬಂದದ್ದು ಕಣ್ಣೀರೋ? ಅಜ್ಜಿಯ ಧ್ವನಿ ಒಡೆದದ್ದು ಉರಿಗೆ ಮೊದಲೋ ಆಮೇಲೋ? ನೆನಪನ್ನು ಕೇಳಿದರೆ ಅದು ದಿನಕ್ಕೊಂದು ಉತ್ತರ ಕೊಡುತ್ತದೆ.

ನೆನಪು ಕೈಕೊಟ್ಟರೆ ಪ್ರಯೋಗವಿದೆಯಲ್ಲ. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಬಾಟಲಿಯ ತಳದಲ್ಲಿದ್ದ ಎಣ್ಣೆ ತೆಗೆದೆ. ಕೈಗೆ ಹಚ್ಚಿಕೊಂಡು, ತೊಳೆಯದೆ, ವಿಭೂತಿ ಕಲಸಿ ಹಣೆಗೆ ಎಳೆದುಕೊಂಡು, ಫ್ಯಾನು ಆರಿಸಿ, ಬೆವರು ಹರಿಯುವವರೆಗೆ ಕನ್ನಡಿಯ ಮುಂದೆ ಕೂತೆ. ಉರಿ ಬರಲಿಲ್ಲ. ಎಣ್ಣೆ ಹಳತಾಗಿ ಖಾರ ಹೋಗಿರಬಹುದೆಂದು ಅಡಿಗೆಮನೆಗೆ ಹೋಗಿ, ಎಣ್ಣೆಗೆಂದು ತಂದು ಉಳಿದಿದ್ದ ಮೆಣಸಿನಕಾಯಿಯ ಚೀಲ ಬಿಚ್ಚಿದೆ. ಉದ್ದನೆಯ, ಸುಕ್ಕುಸುಕ್ಕಾದ, ಕಡುಕೆಂಪು ಕಾಯಿ. ಅಂಗಡಿಯಲ್ಲಿ ಎಲ್ಲಕ್ಕಿಂತ ಕೆಂಪಾದದ್ದನ್ನು ನಾನೇ ಆರಿಸಿ ತಂದಿದ್ದೆ. ಒಂದನ್ನು ಬಾಯಿಗಿಟ್ಟು ಬೀಜಸಮೇತ ಅಗಿದೆ, ಇನ್ನೊಂದನ್ನೂ ಅಗಿದೆ. ಇಷ್ಟನ್ನು ಮಾತ್ರ ನಾನು ಈಗ ಖಚಿತವಾಗಿ ಹೇಳಬಲ್ಲೆ: ಅದು ಬ್ಯಾಡಗಿ ಮೆಣಸಿನಕಾಯಿ, ಸಾರಿಗೆ ಬಣ್ಣ ಬರಲೆಂದು ಹಾಕುವಂಥದು, ಅದರಲ್ಲಿ ಒಬ್ಬ ಮನುಷ್ಯನನ್ನು ಅಳಿಸುವಷ್ಟು ಖಾರ ಇರಲಿಲ್ಲ.