ನಡುಮನೆಯ ಅಲಿಪ್ತ ನೀತಿ

ಪುಕ್ಕಲರಿಗೆಂದೇ ದೇವರು ಕೆಲವು ಕಸುಬುಗಳನ್ನು ಮಾಡಿಟ್ಟಿದ್ದಾನೆ. ರಾಜ್ಯಶಾಸ್ತ್ರದ ಮೇಷ್ಟ್ರಗಿರಿ ಅಂಥದ್ದೊಂದು. ಎರಡು ಮಹಾಶಕ್ತಿಗಳು ಎಲ್ಲೋ ಸಮುದ್ರದಾಚೆ ಕ್ಷಿಪಣಿ ಇಟ್ಟುಕೊಂಡು ಗುರಾಯಿಸುತ್ತಿದ್ದರೆ, ನಾನು ಪಾಂಡವಪುರದ ಕಾಲೇಜಿನಲ್ಲಿ ಸೀಮೆಸುಣ್ಣ ಹಿಡಿದು ‘ಬಲಸಮತೋಲನ’ ಎಂದು ಬರೆದು, ಗಂಟೆ ಹೊಡೆದ ಕೂಡಲೇ ಮನೆಗೆ ಹೊರಡುತ್ತಿದ್ದೆ. ತೊಂಬತ್ತರ ದಶಕದ ಮೊದಲಲ್ಲಿ ಆ ಎರಡು ಶಕ್ತಿಗಳಲ್ಲಿ ಒಂದು ಕುಸಿದು ಬಿತ್ತು. ನಮ್ಮ ಸಿಲಬಸ್ಸಿನಲ್ಲಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿತ್ತು. ಹಿಂದಿನ ಬೆಂಚಿನವನೊಬ್ಬ, “ಸಾ, ಬಿದ್ದೋಗಿರೋ ದೇಶಾನೂ ಓದ್ಬೇಕಾ?” ಎಂದ. “ಪರೀಕ್ಷೆ ಮುಗಿಯೋವರೆಗೂ ಬಿದ್ದಿಲ್ಲ ಅಂದ್ಕೋ” ಎಂದು ಕೂರಿಸಿದೆ. ಅದು ಬಿದ್ದದ್ದಕ್ಕೆ ನನಗೇನೂ ಭಯವಾಗಲಿಲ್ಲ. ನನ್ನ ಭಯವೆಲ್ಲ ಇದ್ದದ್ದು ನಾನು ಬಾಡಿಗೆಗಿದ್ದ ಮನೆಯಲ್ಲಿ.

ಮನೆಯೆಂದರೆ ನಡುಮನೆ. ನಿಂಗಣ್ಣ, ಸಿದ್ದಣ್ಣ ಎಂಬ ಅಣ್ಣತಮ್ಮಂದಿರು ಭಾಗವಾಗಿ ಒಂದೇ ಉದ್ದನೆಯ ಮನೆಯನ್ನು ಮೂರು ಮಾಡಿದಾಗ ಎಡಗಡೆಯದು ಅಣ್ಣನಿಗೂ ಬಲಗಡೆಯದು ತಮ್ಮನಿಗೂ ಹೋಯಿತು. ನಡುವಿನದು ಯಾರಿಗೆಂದು ಎಷ್ಟು ಪಂಚಾಯಿತಿ ಮಾಡಿದರೂ ಬಗೆಹರಿಯಲಿಲ್ಲ. “ಅವ್ನಿಗೂ ಬ್ಯಾಡ, ನಂಗೂ ಬ್ಯಾಡ, ಯಾರಾದ್ರೂ ಮೇಷ್ಟ್ರಿಗೆ ಕೊಟ್ಬುಡಿ” ಎಂದನಂತೆ ನಿಂಗಣ್ಣ. ಹೀಗೆ ನಾನೂ ನನ್ನ ಹೆಂಡತಿ ಶಾರದಳೂ ಬಂದು ಕೂತೆವು. ಅಷ್ಟು ಕಡಿಮೆ ಬಾಡಿಗೆಗೆ, ಹಿತ್ತಲಲ್ಲಿ ಸಿಹಿನೀರಿನ ಬಾವಿ ಇರುವ ಮನೆ ಊರಲ್ಲಿ ಇನ್ನೊಂದಿರಲಿಲ್ಲ. ಅದು ಎಲ್ಲಿ ಕೈತಪ್ಪುತ್ತದೋ ಎಂಬುದು ಒಂದು ಭಯ. ಅದರಲ್ಲಿ ಇರುವುದು ಇನ್ನೊಂದು ಭಯ. ಅಣ್ಣ ಒಂದು ನಾಯಿ ಸಾಕಿದರೆ ತಮ್ಮ ಎರಡು ತಂದ. ಅಣ್ಣ ನಮ್ಮ ಎಡಗಿಟಕಿಯ ಬಳಿ ಕಬ್ಬು ಕಡಿಯುವ ಮಚ್ಚು ಮಸೆದರೆ ತಮ್ಮ ಬಲಗಿಟಕಿಯ ಬಳಿ ಮಸೆಯುತ್ತಿದ್ದ. ಕಬ್ಬೆಲ್ಲ ಕಾರ್ಖಾನೆಗೆ ಹೋದ ಮೇಲೂ ಮಸೆಯುತ್ತಲೇ ಇದ್ದರು. ಪರಸ್ಪರ ಭಯದಿಂದಲೇ ಶಾಂತಿ ನೆಲೆಸುತ್ತದೆ ಎಂದು ತರಗತಿಯಲ್ಲಿ ಧೈರ್ಯವಾಗಿ ಪಾಠ ಹೇಳುತ್ತಿದ್ದೆ. ಮನೆಗೆ ಬಂದರೆ ಇಬ್ಬರ ಪಾಲಿನ ಭಯವನ್ನೂ ನಾನೊಬ್ಬನೇ ಪಡಬೇಕಾಗಿತ್ತು.

ನನ್ನದು ಕಟ್ಟುನಿಟ್ಟಾದ ಅಲಿಪ್ತ ನೀತಿ. ಒಬ್ಬರ ಮನೆಯಲ್ಲಿ ಕಾಫಿ ಕುಡಿದರೆ ಬೇಡದಿದ್ದರೂ ಇನ್ನೊಬ್ಬರ ಮನೆಯಲ್ಲೂ ಕುಡಿಯುತ್ತಿದ್ದೆ. ಹೀಗಿರುವಾಗ ಎರಡೂ ಮನೆಯ ಎಮ್ಮೆಗಳು ಒಂದೇ ವಾರದಲ್ಲಿ ಕರು ಹಾಕಿ, ಎರಡೂ ಕಡೆಯಿಂದ ಡಬರಿಯಲ್ಲಿ ಗಿಣ್ಣು ಬಂತು. ಗಿಣ್ಣು ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದಲ್ಲ, ಶಾರದ ಎರಡಕ್ಕೂ ಅಕ್ಕಿ, ಬೆಲ್ಲ ಹಾಕಿದಳು. ನನಗೆ ಒಂದರಲ್ಲಿ ಬೆಲ್ಲ ಹೆಚ್ಚಾಗಿದೆ ಅನ್ನಿಸಿತು. ಒಂದು ಚೂರು ತೆಗೆದು ಇನ್ನೊಂದಕ್ಕೆ ಹಾಕಿದೆ. ಈಗ ಅದರಲ್ಲಿ ಹೆಚ್ಚಾಯಿತು. ಅಕ್ಕಿ ಇತ್ತಿಂದತ್ತ ಸುರಿದೆ, ಅತ್ತಿಂದಿತ್ತ ಸುರಿದೆ. “ಸಾಕು ಬಿಡ್ರೀ, ಅವರೇನು ತಕ್ಕಡಿ ಹಿಡ್ಕೊಂಡು ಕೂತಿದಾರಾ?” ಎಂದಳು ಶಾರದ. ಅಂತೂ ಸಮ ಮಾಡಿ ನೋಡುತ್ತೇನೆ, ಯಾವುದು ಯಾರ ಡಬರಿಯೋ ಗೊತ್ತಾಗುತ್ತಿಲ್ಲ! ಭಾಗವಾದಾಗ ಅವರ ತಾಯಿ ತಕರಾರು ಬೇಡವೆಂದು ಇಬ್ಬರಿಗೂ ಒಂದೇ ಥರದ ಪಾತ್ರೆ ಕೊಡಿಸಿ, ತಳದಲ್ಲಿ ಹೆಸರು ಹಾಕಿಸಿದ್ದರಂತೆ. ತಳ ನೋಡಬೇಕಾದರೆ ಬೋರಲು ಹಾಕಬೇಕು. ಹಾಕಿದರೆ ಇಷ್ಟು ಹೊತ್ತಿನ ಸಮತೋಲನವೆಲ್ಲ ಮಣ್ಣುಪಾಲು. ಅಂದಾಜಿನ ಮೇಲೆ ಕೊಟ್ಟುಬಂದೆ.

ಸಂಜೆ ಎಡಗಡೆಯಿಂದ ನಿಂಗಣ್ಣನ ಹೆಂಡತಿ ಕೆಂಪಮ್ಮನ ದನಿ ಕೇಳಿತು: “ಅಯ್ಯೋ, ಇದು ನಮ್ ಡಬರಿ ಅಲ್ಲ ಕಣಪ್ಪೋ, ಸಿದ್ದನ ಎಸ್ರದೆ!” ಈ ಮೇಷ್ಟ್ರು ಬೇಕೆಂದೇ ಮಾಡಿದ್ದಾನೆ, ಇವನು ಆ ಕಡೆಯ ಗೂಢಚಾರ ಎನ್ನುವುದಿಲ್ಲವೇ? ಬಾಗಿಲಿಗೆ ಅಗುಳಿ ಹಾಕಿ, “ಮಚ್ಚು ಹಿಡ್ಕೊಂಡು ಬಂದ್ರೆ ಎಲ್ಲಿಂದ ಓಡೋಣವೇ?” ಎಂದೆ. “ಮುಂದೆ ಅವರಿದಾರೆ, ಹಿಂದೆ ಅವರ ನಾಯಿಗಳಿವೆ. ಸುಮ್ನೆ ಕೂತ್ಕೊಳ್ಳಿ” ಎಂದಳು ಶಾರದ. ಕಿಟಕಿಯ ಸಂದಿಯಲ್ಲಿ ಇಣುಕಿದೆ. ಕೆಂಪಮ್ಮ ಡಬರಿ ಹಿಡಿದು ಹೊರಟಿದ್ದಳು. ಬರಿ ಪಾತ್ರೆ ಕೊಡುವಂತಿಲ್ಲವಾದ್ದರಿಂದ ಅದರ ತುಂಬ ಅವರೆಕಾಳು. ಆ ಕಡೆಯಿಂದ ಸಿದ್ದಣ್ಣನ ಹೆಂಡತಿ ಜಯಮ್ಮ ಇನ್ನೊಂದು ಡಬರಿಯಲ್ಲಿ ಹುರಳಿ ತುಂಬಿಕೊಂಡು ಬರುತ್ತಿದ್ದಳು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ವಾರಗಿತ್ತಿಯರು ನಮ್ಮ ಜಗಲಿಯ ಮುಂದೆಯೇ ಎದುರಾದರು. ನಾನು ಕಣ್ಣು ಮುಚ್ಚಿಕೊಂಡೆ.

“ಇದ್ಯಾಕೆ ಇಂಗೆ ಸೊರಗೋಗಿದ್ದೀಯೆ, ಉಣ್ತೀಯೋ ಇಲ್ವೋ?” ಎಂದಳು ಕೆಂಪಮ್ಮ. ಜಯಮ್ಮ “ಅಕ್ಕಾ” ಎಂದವಳೇ ಅಳತೊಡಗಿದಳು. ಸದ್ದು ಕೇಳಿ ಗಂಡಂದಿರೂ ಬಂದರು. ಅವರ ಕೈ ನೋಡಿದೆ, ಮಚ್ಚು ಇರಲಿಲ್ಲ. “ಲೇ ಸಿದ್ದ, ಎಷ್ಟ್ ದಿನ ಅಂತ್ಲಾ ಇಂಗಿರೋದು? ಬಾರ್ಲಾ ಒಳೀಕೆ” ಎಂದ ನಿಂಗಣ್ಣ. “ನೀನ್ ಕರೀಲಿ ಅಂತ್ಲೇ ಕಾಯ್ತಿದ್ನಲ್ಲಣ್ಣೋ” ಎಂದ ಸಿದ್ದಣ್ಣ. ಕಿಟಕಿಯ ಹಿಂದೆ ನಾನೂ ಅತ್ತೆ. ಶೀತಲ ಸಮರವನ್ನು ಕೊನೆಗಾಣಿಸಿದವನು ನಾನೇ ಎಂದು ಶಾರದಳ ಮುಂದೆ ಎದೆ ಉಬ್ಬಿಸಿದೆ.

ಬೆಳಿಗ್ಗೆ ಇಬ್ಬರೂ ಜೊತೆಯಾಗಿ ನಮ್ಮ ಬಾಗಿಲಿಗೆ ಬಂದರು. “ಮೇಷ್ಟ್ರೇ, ನಿಮ್ಮಿಂದ ಮನೆ ಒಂದಾಯ್ತು. ಸಾಯೋಗಂಟ ಮರೆಯಾಕಿಲ್ಲ” ಎಂದು ನಿಂಗಣ್ಣ ಕೈಮುಗಿದ. ಪಕ್ಕದಿಂದ ಸಿದ್ದಣ್ಣ, “ನಡುಮನೆ ಎರಡೂ ಗೋಡೆ ಒಡ್ದಾಕ್ಬುಡಾನ ಅಂತವ್ನೆ ನಮ್ಮಣ್ಣ. ತಾವು ಬೇಗ ಬೇರೆ ಕಡೆ ಮನೆ ನೋಡ್ಕೊಂಬುಡಿ” ಎಂದ.

ಆಮೇಲೆ ಪಾಂಡವಪುರದ ಬೀದಿಬೀದಿ ಸುತ್ತಿದೆವು. ಹೋದಲ್ಲೆಲ್ಲ ಶಾರದ ನೀರು ಬರುತ್ತದೆಯೇ, ಗಾಳಿಬೆಳಕು ಹೇಗೆ ಎಂದು ವಿಚಾರಿಸುತ್ತಿದ್ದಳು. ನಾನು ಕೇಳುತ್ತಿದ್ದದ್ದು ಒಂದೇ: ಅಕ್ಕಪಕ್ಕದವರು ಮಾತಾಡುತ್ತಾರೆಯೇ? “ಅಯ್ಯೋ, ಬಲು ಅನ್ಯೋನ್ಯ ಕಣಪ್ಪ” ಎಂದು ಯಾರಾದರೂ ಹೇಳಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಎದ್ದುಬಿಡುತ್ತಿದ್ದೆ.