ಕಾಗೆ ಯಂತ್ರದ ಲಾಗ್ ಕಿಟಕಿ

"ಅತ್ತೆ, ಇನ್ಮೇಲೆ ತಿಥಿ ದಿನ ಯಾರೂ ಕಾಗೆಗೋಸ್ಕರ ಕಾಯ್ಬೇಕಾಗಿಲ್ಲ!"

ಪಕ್ಕದ ಮನೆಯ ಶ್ರೀಕಂಠ ತನ್ನ ತಾರಸಿಯಿಂದ ಹೀಗೆ ಕೂಗಿದಾಗ ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಅವನು ಕೂಗಿದಾಗಲೆಲ್ಲ ನನ್ನ ಮನೆಗೆ ಏನಾದರೊಂದು ಗ್ರಹಚಾರ ಕಾದಿರುತ್ತದೆ. ದೋಸೆ ತಿರುವಿಹಾಕುವ ಯಂತ್ರ ಮಾಡಿದಾಗ ನಮ್ಮ ನೀರಿನ ಟ್ಯಾಂಕಿನಲ್ಲಿ ಮೂರು ದೋಸೆ ಸಿಕ್ಕಿದ್ದವು. ಅದರಲ್ಲಿ ಒಂದು ಮಸಾಲೆ!

ಮಾರನೆಯ ದಿನ ಅವರಪ್ಪ ಸುಬ್ಬಕೃಷ್ಣಯ್ಯನವರ ವರ್ಷದ ತಿಥಿ. ತುಮಕೂರಿನ ನಮ್ಮ ಬೀದಿಯಲ್ಲಿ ಈಗ ಕಾಗೆಗಳೇ ಅಪರೂಪ. ಕಾಗೆ ಬಂದು ಪಿಂಡ ಮುಟ್ಟದೆ ಮನೆಯವರಿಗೆ ಊಟವಿಲ್ಲ. ಅದಕ್ಕೇ ಈ ಯಂತ್ರ. ಕಾಗೆಯ ಹಾಗೆ ಕೂಗುವ ಸ್ಪೀಕರ್, ಬಂದ ಕಾಗೆ ಎಣಿಸುವ ಕ್ಯಾಮೆರಾ, ಪಿಂಡದ ಎಲೆಯನ್ನು ಮುಂದೆ ತಳ್ಳುವ ಕಬ್ಬಿಣದ ಕೈ, ನಡುವೆ ಒಂದು ಕಂಪ್ಯೂಟರ್, ಅದರ ಪರದೆಯ ತುಂಬ ಅಪ್ಪನ ಫೋಟೋ.

ಶ್ರೀಕಂಠ ಗುಂಡಿ ಒತ್ತಿದ. 'ಎಲೆ ಇಡಲಾಗಿದೆ. ಕಾಗೆಯನ್ನು ಕರೆಯಲಾಗಿದೆ' ಎಂಬ ಸಾಲುಗಳು ಫೋಟೋದ ಮೇಲೇ ಮೂಡಿದವು.

"ಅಯ್ಯೋ, ಮಾವನವರ ಮೀಸೆ ಮೇಲೆ ಅಕ್ಷರ ಓಡಾಡ್ತಿವೆಯಲ್ರೀ!" ಎಂದು ಅವನ ಹೆಂಡತಿ ವಾರಿಜಾ ಕಿರುಚಿದಳು. "ತೆಗೀರಿ ಮೊದ್ಲು!"

"ಅದು ಲಾಗ್ ಕಣೇ! ಯಂತ್ರ ನಡೆಸೋ ಸ್ಕ್ರಿಪ್ಟ್ ತಾನು ಮಾಡಿದ್ದನ್ನೆಲ್ಲ ಒಂದೊಂದು ಸಾಲಲ್ಲಿ ಬರೆದು ಒಪ್ಪಿಸುತ್ತೆ."

"ಒಪ್ಪಿಸೋದಾದ್ರೆ ಬೇರೆ ಕಡೆ ಒಪ್ಪಿಸ್ಲಿ!"

ಹಾಗಾಗಿ ಲಾಗಿಗೆ ಬೇರೆ ಪರದೆ ಬೇಕಾಯಿತು. ನನ್ನ ಮಹಡಿಯ ಕಿಟಕಿ ಅವರ ತಾರಸಿಗೆ ಎದುರೇ ಇದೆಯಲ್ಲ, ಅದರ ಹಲಗೆಯ ಮೇಲೆ ಹಳೆಯ ಮಾನಿಟರೊಂದು ಬಂದು ಕೂತಿತು. ಅದರ ವೈರು ಅವರ ತಾರಸಿಯ ಬೋರ್ಡಿನಿಂದ ಬಂತು.

"ಅದರಲ್ಲಿ ಏನು ಬರುತ್ತೆ ಅಂತ ನೀವು ಓದಿ ಹೇಳಿ ಅತ್ತೆ, ಸಾಕು" ಎಂದ.

ಮೂವತ್ತು ವರ್ಷ ನಾನು ಮಾಡಿದ್ದೂ ಅದನ್ನೇ! ಹನ್ನೆರಡನೆಯ ವಯಸ್ಸಿನಲ್ಲಿ ಶ್ರೀಕಂಠ ಅಪ್ಪನ ರೇಡಿಯೊ ಬಿಚ್ಚಿ ಜೋಡಿಸಿದ. ಕೊನೆಗೆ ಕೈಯಲ್ಲಿ ಒಂದು ಸ್ಕ್ರೂ ಉಳಿಯಿತು. ಅಂದಿನಿಂದ ಅಪ್ಪ ಮಗ ಎದುರುಬದುರು ಮಾತಾಡಲಿಲ್ಲ. ಸುಬ್ಬಕೃಷ್ಣಯ್ಯನವರು ತಂತಿ ಆಫೀಸಿನಲ್ಲಿ ಕೆಲಸ ಮಾಡಿದವರು, ಮನೆಯಲ್ಲೂ ಮಾತನ್ನು ಎಣಿಸಿಯೇ ಆಡುತ್ತಿದ್ದರು. ಕಾಂಪೌಂಡಿನ ಹತ್ತಿರ ಬಂದು, "ವಿಶಾಲಮ್ಮ. ಅವನಿಗೆ ಹೇಳಿ. ಚಪ್ಪಲಿ ಒಳಗಿಡಲಿ" ಎನ್ನುತ್ತಿದ್ದರು. ಮಗ ಅಲ್ಲೇ ಮಾರು ದೂರದಲ್ಲಿ ನಿಂತಿರುತ್ತಿದ್ದ. ನಾನು ಹೇಳುತ್ತಿದ್ದೆ, ಅವನು ಇಡುತ್ತಿದ್ದ.

ವೈರು ಸಿಕ್ಕಿಸುತ್ತಾ ಶ್ರೀಕಂಠ ಮೆಲ್ಲಗೆ ಕೇಳಿದ. "ಇದನ್ನಾದ್ರೂ ಅಪ್ಪ ಒಪ್ಕೋತಿದ್ರಾ ಅತ್ತೆ? ನನ್ನ ಒಂದು ಯಂತ್ರನೂ ಚೆನ್ನಾಗಿದೆ ಅಂದವರಲ್ಲ."

ನಾನು ಅವರೆಕಾಯಿ ನೋಡುತ್ತಾ ಕೂತೆ. ನನಗೆ ಗೊತ್ತಿದ್ದದ್ದನ್ನು ಹೇಳುವ ಹಾಗಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಪಿಂಡ ಇಟ್ಟದ್ದಾಯಿತು. ಪುರೋಹಿತರಾದ ನರಹರಿ ಜೋಯಿಸರು ಹಸಿವಿನಿಂದ ಸೊರಗಿದ್ದರು. ಸ್ಪೀಕರ್ "ಕಾ, ಕಾ" ಎಂದಿತು. ನಾನು ಕಿಟಕಿಯಿಂದ ಗಟ್ಟಿಯಾಗಿ ಓದಿದೆ. 'ಬಂದ ಕಾಗೆ: ಒಂದು.' ಶ್ರೀಕಂಠ ಕುಣಿದುಬಿಟ್ಟ! ನೋಡನೋಡುತ್ತಲೇ 'ಒಂಬತ್ತು' ಬಂತು. ಆಮೇಲೆ, 'ಬಂದ ಕಾಗೆ: ನಲವತ್ತು. ಮುಟ್ಟಿದ ಕಾಗೆ: ಸೊನ್ನೆ.'

ಪ್ಯಾರಾಪೆಟ್ಟಿನ ಮೇಲೆ, ಟ್ಯಾಂಕಿನ ಮೇಲೆ, ಬಟ್ಟೆ ಒಣಹಾಕುವ ತಂತಿಯ ಮೇಲೆ, ಎಲ್ಲೆಲ್ಲೂ ಕಾಗೆ. ಒಂದೂ ಉಸಿರೆತ್ತಲಿಲ್ಲ. ಕಬ್ಬಿಣದ ಕೈ ಎಲೆಯನ್ನು ಅವುಗಳ ಮುಂದಕ್ಕೆ ತಳ್ಳುತ್ತಾ ಹೋಗಿ, ಜೋಯಿಸರ ಬೆನ್ನಿಗೆ ಪಿಂಡ ಮೆತ್ತಿ ವಾಪಸ್ಸಾಯಿತು.

"ನಾನಿನ್ನೂ ಬದುಕಿದ್ದೀನಪ್ಪಾ!" ಎಂದು ಅವರು ಚೀರಿದರು.

ನನಗೆ ನಗು ಬರುತ್ತಿತ್ತು. ಅಷ್ಟರಲ್ಲಿ ನಲವತ್ತು ಕಾಗೆಗಳೂ ಒಟ್ಟಿಗೆ ಕತ್ತು ತಿರುಗಿಸಿ ನನ್ನ ಕಿಟಕಿಯ ಕಡೆ ನೋಡಿದವು. ಪರದೆಯಲ್ಲಿ ಹೊಸ ಸಾಲು ಮೂಡಿತು.

'ಅವನಿಗೆ ಹೇಳಿ. ಸದ್ದು ಕಮ್ಮಿ ಮಾಡಲಿ.'

ಅದನ್ನೂ ಗಟ್ಟಿಯಾಗಿ ಓದಿದೆ. "ಶ್ರೀಕಂಠ, ಈ ಸಾಲು ನೀನು ಬರೆದಿದ್ದೇನೋ?" ಎಂದು ಕೇಳಿದೆ.

"ನಾನು ಬರೆದಿರೋದು ಹದಿನಾಲ್ಕೇ ಮೆಸೇಜು ಅತ್ತೆ. ಅದರಲ್ಲಿ ಇದಿಲ್ಲ!"

'ಅವನಿಗೆ ಹೇಳಿ. ಕಚ್ಚೆ ಸಡಿಲ.'

ಎಲ್ಲರೂ ನೋಡಿದೆವು. ಕಚ್ಚೆ ಸಡಿಲವೇ ಇತ್ತು.

'ಸೊಸೆಗೆ ಹೇಳಿ. ವಡೆ ಸೀದಿದೆ.'

"ಮಾವನವರೇ!" ಎಂದು ವಾರಿಜಾ ಅಲ್ಲೇ ಕುಸಿದು ಕೂತಳು. ಆ ಉರಿಬಿಸಿಲಿನಲ್ಲೂ ತಾರಸಿಯ ಮೇಲೆ ಚಳಿಯಿಟ್ಟಂತಾಯಿತು.

"ಏನೋ ಆಸೆ ಉಳ್ಕೊಂಡಿದೆ. ಮಾತು ಕೊಡಿ, ಮುಟ್ಟುತ್ತೆ" ಎಂದರು ಜೋಯಿಸರು, ಬೆನ್ನು ಒರೆಸಿಕೊಳ್ಳುತ್ತಾ.

ವಾರಿಜಾ ಇನ್ನು ವಡೆ ಸೀಯಿಸುವುದಿಲ್ಲ ಎಂದಳು. ಕಾಗೆ ಅಲುಗಲಿಲ್ಲ. ಶ್ರೀಕಂಠ ನನ್ನತ್ತ ತಿರುಗಿ, "ಅತ್ತೆ, ಅವರಿಗೆ ಹೇಳಿ. ರೇಡಿಯೊ ಸರಿ ಮಾಡಿಸ್ತೀನಿ ಅಂತ" ಎಂದ. ನಾನು ಪರದೆಗೆ ಹೇಳಿದೆ. ಅದೂ ನಡೆಯಲಿಲ್ಲ. ಗಂಟೆ ಎರಡಾಯಿತು, ಮೂರಾಯಿತು.

ಕೊನೆಗೆ ಅವನ ತಾಳ್ಮೆ ಮುರಿಯಿತು. ಫೋಟೋದ ಎದುರು ನಿಂತು, ಕಣ್ಣು ಒರೆಸಿಕೊಂಡು ಕೂಗಿದ. "ಅಪ್ಪಾ! ನೀವು ಹಸ್ಕೊಂಡಿರಬಾರದು ಅಂತ ಮಾಡಿದ್ದು ಕಣಪ್ಪಾ ಇದು! ಬೇಡವಾ? ಬೇಡ ಬಿಡಿ!" ಎಂದು ಬೋರ್ಡಿನಿಂದ ವೈರುಗಳನ್ನೆಲ್ಲ ಕಿತ್ತೆಸೆದ.

ಸ್ಪೀಕರ್ ಸತ್ತಿತು. ಫೋಟೋ ಆರಿತು. ಮರುಕ್ಷಣವೇ ಒಂದು ಮುದಿ ಕಾಗೆ ಕುಪ್ಪಳಿಸುತ್ತಾ ಬಂದು ಪಿಂಡಕ್ಕೆ ಕೊಕ್ಕು ಹಾಕಿತು. ಹಿಂದೆಯೇ ಉಳಿದವೂ ಮುಗಿಬಿದ್ದವು. "ಎಲೆ ಹಾಕಿ!" ಎಂದು ಜೋಯಿಸರು ಮೆಟ್ಟಿಲಿಗೆ ಓಡಿದರು.

ನನ್ನ ಕಿಟಕಿಯ ಪರದೆ ಮಾತ್ರ ಆರಿರಲಿಲ್ಲ. ಕರೆಂಟಿಲ್ಲದೆ ಬರೆಯುತ್ತಿತ್ತು.

'ನೇರ ಮಾತಾಡಿದ. ಮೂವತ್ತು ವರ್ಷ ಬೇಕಾಯಿತು.'

ಸ್ವಲ್ಪ ತಡೆದು ಇನ್ನೊಂದು ಸಾಲು.

'ಯಂತ್ರ ಚೆನ್ನಾಗಿದೆ. ಅವನಿಗೆ ಹೇಳಬೇಡಿ.'

ದೋಸೆ ಯಂತ್ರ ನೋಡಿದ ದಿನವೂ ಅವರು ಗೋಡೆಯ ಹತ್ತಿರ ಬಂದು ಇದನ್ನೇ ಅಂದಿದ್ದರು. "ಬುದ್ಧಿವಂತ. ಅವನಿಗೆ ಹೇಳಬೇಡಿ. ತಲೆ ತಿರುಗೀತು." ಪ್ರತಿ ಯಂತ್ರಕ್ಕೂ ಅಂದಿದ್ದರು. ನಾನೂ ದೊಡ್ಡ ನಿಯತ್ತಿನವಳ ಹಾಗೆ ಒಂದನ್ನೂ ಹೇಳದೆ ನುಂಗಿಕೊಂಡಿದ್ದೆ. ಎಂಥ ಪಾಪ ಮಾಡಿದೆ!

ಈಗಲೂ ನಾನು ಏನೂ ಹೇಳಲಿಲ್ಲ. ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು ತಾರಸಿಯ ಕಡೆಗೆ ತಿರುಗಿಸಿಟ್ಟೆ, ಅಷ್ಟೆ.

ಶ್ರೀಕಂಠ ಓದಿದ. ಮತ್ತೆ ಓದಿದ. ಕಾಗೆಗಳ ನಡುವೆಯೇ ಕೂತು ಸೀದ ವಡೆಯೊಂದನ್ನು ಕಚ್ಚಿಕೊಂಡು ಗಳಗಳನೆ ಅತ್ತ.

ಮರುದಿನ ಬೆಳಿಗ್ಗೆ ಮಹಡಿ ಹತ್ತಿ ನೋಡಿದರೆ ಮಾನಿಟರು ತಾನಾಗಿ ನನ್ನ ಕಡೆಗೇ ತಿರುಗಿ ಕೂತಿತ್ತು. ವೈರು ನೆಲದ ಮೇಲೆ ಬಿದ್ದಿತ್ತು. ಪರದೆಯಲ್ಲಿ ಒಂದೇ ಸಾಲು.

'ವಿಶಾಲಮ್ಮ. ನಿಮ್ಮ ಬಾಯಲ್ಲಿ ಮಾತು ನಿಲ್ಲುವುದಿಲ್ಲ.'

"ಮೂವತ್ತು ವರ್ಷ ನಿಂತಿತ್ತಲ್ಲ ಸ್ವಾಮಿ, ಅದನ್ಯಾಕೆ ಬರೀಲಿಲ್ಲ?" ಎಂದು ಪರದೆಯನ್ನೇ ದಬಾಯಿಸಿ, ಅದರ ಮೇಲೆ ಒದ್ದೆ ಟವೆಲ್ ಒಣಹಾಕಿ ಕೆಳಗಿಳಿದೆ.