ಎರಡನೇ ಆಸಿಲೇಟರನ್ನು ಗುರುವಾರದವರೆಗೆ ಅಪಶ್ರುತಿಯಲ್ಲೇ ಮುಂದುವರಿಸುವ ಕುರಿತು

ಇಂದ:
ವಗ್ದಿ ಅಬ್ದುಲ್ ಶಾಫಿ,
ಹಗಲು ಫ್ಯಾನ್ ಮೋಟಾರಿಗೆ ತಂತಿ ಸುತ್ತುವವರು, ಸಂಜೆ ಬೀದಿ ಮದುವೆಗಳಲ್ಲಿ ಕೀಬೋರ್ಡ್ ನುಡಿಸುವವರು, ಉಳಿದ ಹೊತ್ತು ಒಬ್ಬಳೇ ಮಗಳ ತಂದೆ,
ಬೇಕರಿ ಗಲ್ಲಿ, ಇಂಬಾಬಾ, ಕೈರೋ.

ಗೆ:
ಮಾನ್ಯ ಎರಡನೇ ಆಸಿಲೇಟರ್ ಅವರು,
ಸ್ವರ ಹುಟ್ಟಿಸುವ ವಿಭಾಗ, ಸಾಫ್ಟ್‌ವೇರ್ ಸಿಂಥಸೈಸರ್, ಅರ್ಜಿದಾರರ ಲ್ಯಾಪ್‌ಟಾಪ್.
(ಮೊದಲನೇ ಆಸಿಲೇಟರ್ ಅವರ ಮುಖಾಂತರ)

ವಿಷಯ: ಮಿಜ್ಮಾರ್ ಓಲಗದ ದನಿಯಲ್ಲಿ ತಾವು ಮೊದಲಿನಂತೆ ತಪ್ಪಾಗಿಯೇ ಇರಲು ಕೋರಿ.

ಉಲ್ಲೇಖ: 1) ಕಳೆದ ಶುಕ್ರವಾರ ಭಾವಿ ಅಳಿಯನಿಂದ ನಡೆದ ದುರಸ್ತಿ. 2) ಅದೇ ದಿನ ಪತ್ನಿ ಇನ್ಸಾಫ್ ಅವರು ನೀಡಿದ ಮೌಖಿಕ ತೀರ್ಪು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರರು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರರ ಮಗಳು ಶುರೂಕಳ ಮದುವೆ ಗುರುವಾರ. ಇಂಬಾಬಾದ ಅರ್ಧಕ್ಕರ್ಧ ಹೆಣ್ಣುಮಕ್ಕಳನ್ನು ಝಫ್ಫಾ ಮೆರವಣಿಗೆ ನುಡಿಸಿ ಗಂಡನ ಮನೆಗೆ ಸಾಗಹಾಕಿದವರಾದ ಕಾರಣ, ಸ್ವಂತ ಮಗಳ ಝಫ್ಫಾವನ್ನೂ ತಾವೇ ನುಡಿಸಬೇಕೆಂಬುದು ಅವರ ಹಟ. ಆದರೆ ಗಂಡಿನ ತಾಯಿ ನಿವೀನ್ ಹಾನಿಮ್ ಅವರು ಗೊತ್ತುಮಾಡಿರುವ ಮದುವೆ ಹಾಲ್ ನೈಲ್ ದಂಡೆಯ ಮೇಲಿದ್ದು, ನಿಜವಾದ ಮಿಜ್ಮಾರ್ ಊದಿದರೆ ಗಾಜಿನ ಗೋಡೆ ಉಳಿಯುವುದಿಲ್ಲವೆಂದು ಅಲ್ಲಿನ ಮ್ಯಾನೇಜರಿಗೆ ಭಯ. ಆದ್ದರಿಂದ ಯಂತ್ರದ ಮಿಜ್ಮಾರಿಗೆ ಮಾತ್ರ ಅಪ್ಪಣೆ. ಅದನ್ನೂ ಬುಧವಾರ ಮೊದಲು ತನ್ನ ಕಿವಿಗೆ ಹಾಕಬೇಕು, ಒಪ್ಪಿಗೆಯಾಗದಿದ್ದರೆ ಹಾಲ್‌ನ ಡೀಜೆ ತನ್ನ ಸಿದ್ಧ ಹಾಡನ್ನೇ ಹಾಕುತ್ತಾನೆ, ವಧುವಿನ ತಂದೆ ಮುಂದಿನ ಸಾಲಿನಲ್ಲಿ ಕೂತು ಮುಗುಳ್ನಗಬಹುದು ಎಂದು ಹಾನಿಮ್ ತುಂಬ ಮರ್ಯಾದೆಯಿಂದ ತಿಳಿಸಿದರು.

2. ತಮಗೆ ತಿಳಿಯದ್ದೇನಲ್ಲ, ಮಿಜ್ಮಾರ್ ಊದುವವರು ಯಾವತ್ತೂ ಜೋಡಿ. ಒಬ್ಬನ ಸ್ವರಕ್ಕೆ ಇನ್ನೊಬ್ಬನ ಸ್ವರ ಕೂದಲೆಳೆಯಷ್ಟಾದರೂ ತಪ್ಪಿರಬೇಕು. ಆ ಜಗಳದಿಂದಲೇ ದನಿ ನಡುಗುತ್ತದೆ, ನಡುಗಿದರೇ ಹೆಂಗಸರ ಕಾಲು ಕುಣಿಯುತ್ತದೆ. ಆದ ಕಾರಣ ಅರ್ಜಿದಾರರು ಬಹಳ ಹಿಂದೆಯೇ ತಮ್ಮನ್ನು ಮೊದಲನೇ ಆಸಿಲೇಟರ್ ಅವರಿಗಿಂತ ಚೂರು ಕೆಳಗೆ ಇಳಿಸಿಟ್ಟಿದ್ದರು. ಎಷ್ಟು ಚೂರು ಎಂದು ಬರೆದಿಟ್ಟುಕೊಂಡಿಲ್ಲ. ಹೆಂಡತಿಯ ಕೈ ಉಪ್ಪನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

3. ನಿಶ್ಚಯವಾದ ಹುಡುಗ ಹೆಣ್ಣಿನ ಮನೆಗೆ ಬರಿಗೈಯಲ್ಲಿ ಬರಬಾರದು, ಬಂದು ಸುಮ್ಮನೆ ಕೂರಲೂಬಾರದು. ಈ ಪದ್ಧತಿಯ ಪ್ರಕಾರ ಚಿರಂಜೀವಿ ಹೈಸಮ್ ಬಸ್ಬೂಸಾ ಎಂಬ ರವೆ ಸಿಹಿಯ ತಟ್ಟೆ ಹಿಡಿದು ಬಂದು, ಅಡುಗೆಮನೆಯ ಕೊಳಾಯಿ ರಿಪೇರಿ ಮಾಡಿ, ಫ್ರಿಜ್ಜಿನ ಬಾಗಿಲು ಸರಿ ಮಾಡಿ, ಇನ್ನೂ ಉತ್ಸಾಹ ಉಳಿದಿದ್ದರಿಂದ ಲ್ಯಾಪ್‌ಟಾಪ್ ತೆರೆದನು. “ಮಾವ, ನಿಮ್ಮ ಎರಡನೇ ಆಸಿಲೇಟರ್ ಶ್ರುತಿ ತಪ್ಪಿತ್ತು. ಸೊನ್ನೆಗೆ ತಂದು ಸೇವ್ ಮಾಡಿದೀನಿ, ಹಳೇದರ ಮೇಲೇನೇ,” ಎಂದನು. ಭಾವಿ ಮಾವನ ಸ್ಥಾನಕ್ಕೆ ವಿಧಿಸಲಾದ ನಡವಳಿಕೆಯಂತೆ ಅರ್ಜಿದಾರರು “ನಿನ್ನ ಕೈ ಚೆನ್ನಾಗಿರಲಿ ಮಗಾ” ಎಂದು ಹರಸಿದರು. ಕೊಳಾಯಿಯ ಸದ್ದು ನಿಂತಿತ್ತು. ಮಿಜ್ಮಾರಿನದೂ.

4. ಹುಡುಗ ಹೋದ ಮೇಲೆ ಅರ್ಜಿದಾರರು ಕೀಲಿ ಒತ್ತಲಾಗಿ, ಮೈಕ್ರೋವೇವಿನಲ್ಲಿ ಅನ್ನ ಬಿಸಿಯಾದ ಸೂಚನೆ ಬಂದಂತಾಯಿತು. ಒಳಗಿನಿಂದ ಇನ್ಸಾಫ್, “ರೀ, ಇದು ಒಬ್ಬನೇ ಊದ್ತಿರೋದು. ಇನ್ನೊಬ್ಬನ್ನ ಎಲ್ಲಿ ಹೂತಿಟ್ರಿ?” ಎಂದು ವಿಚಾರಿಸಿದರು. ಅಂದಿನಿಂದ ಫ್ಯಾನ್ ಅಂಗಡಿಯಿಂದ ಬಂದ ಪ್ರತಿ ಸಂಜೆ ಅರ್ಜಿದಾರರು ತಮ್ಮ ಸೂಕ್ಷ್ಮ ಶ್ರುತಿಯ ಗುಂಡಿಯನ್ನು ತಿರುಗಿಸಿದ್ದಾರೆ. ಸ್ವಲ್ಪ ತಿರುಗಿಸಿದರೆ ತಮಗೆ ಉಬ್ಬಸ ಬರುತ್ತದೆ. ಇನ್ನಷ್ಟು ತಿರುಗಿಸಿದರೆ ಆಸ್ತಿ ಪಾಲಿಗೆ ಕೂತ ಎರಡು ಕತ್ತೆಗಳು. ಅದಕ್ಕೂ ಮುಂದೆ ಹೋದಾಗ ಗಲ್ಲಿಯ ಟುಕ್‌ಟುಕ್‌ಗಳು ಆಂಬುಲೆನ್ಸಿಗೆಂದು ಪಕ್ಕಕ್ಕೆ ಸರಿದು ನಿಂತವು.

5. ಹುಡುಗನನ್ನೇ ಕೇಳಬಹುದಿತ್ತಲ್ಲ ಎಂದು ತಾವು ಆಕ್ಷೇಪಿಸಬಹುದು. ಕೇಳಿದರೆ ಅವನಿಗೆ ನಾಚಿಕೆಯಾಗುತ್ತದೆ, ನಾಚಿಕೆಯಾದರೆ ಇನ್ನೂ ದೊಡ್ಡ ತಟ್ಟೆ ಬಸ್ಬೂಸಾ ತರುತ್ತಾನೆ, ತಂದರೆ ಇನ್ನೊಂದನ್ನು ಸರಿ ಮಾಡುತ್ತಾನೆ. ಕಾರಣ ಕೇಳಲಿಲ್ಲ.

6. ಮಂಗಳವಾರ ಮದುವೆ ಬಟ್ಟೆ ಅಳತೆ ನೋಡಿ ಬಂದ ಶುರೂಕ್, ಚಪ್ಪಲಿ ಬಿಡುವ ಮೊದಲೇ ತಂದೆಯ ಭುಜದ ಮೇಲಿಂದ ಬಾಗಿ ಕಿವಿಗೊಟ್ಟಳು. “ಅಪ್ಪಾ, ಆ ಗುಂಡಿ ಬಿಡು. ಇಬ್ಬರೂ ಒಟ್ಟಿಗೇ ಉಸಿರು ತಗೋತಿದಾರೆ, ಪೊಲೀಸ್ ಬ್ಯಾಂಡಿನ ಥರ.” ನೋಡಿದರೆ ನಿಜ. ಹೈಸಮ್ ಪ್ರತಿ ಸ್ವರಕ್ಕೂ ತಾವೂ ಮೊದಲನೇ ಆಸಿಲೇಟರ್ ಅವರೂ ಒಂದೇ ಬಿಂದುವಿನಿಂದ ಹೊರಡಬೇಕೆಂದು ಒಂದು ಗುರುತನ್ನೂ ಹಾಕಿಹೋಗಿದ್ದನು. ಆಕೆ ಅದನ್ನು ತೆಗೆದಳು. ಆಮೇಲೆ ಕಣ್ಣು ಮುಚ್ಚಿ ಗುಂಡಿ ತಿರುಗಿಸುತ್ತ, ಅರ್ಜಿದಾರರು ಯಾವತ್ತೂ ಇಟ್ಟಿರದಷ್ಟು ದೂರಕ್ಕೆ ತಮ್ಮನ್ನು ಒಯ್ದಳು. ಇದು ಜಾಸ್ತಿಯಾಯಿತೆಂದು ಅರ್ಜಿದಾರರು ಅಸಮ್ಮತಿ ದಾಖಲಿಸಿದರು. ಅಷ್ಟರಲ್ಲಿ ಮೇಲಿನ ಮನೆಯ ಉಮ್ಮ್ ಜಾಬಿರ್, ಮೆರವಣಿಗೆ ಹೊರಟೇಬಿಟ್ಟಿತೆಂದು ತಿಳಿದು, ನಾಲಿಗೆ ಹೊರಳಿಸಿ ಮಂಗಳದ ಉಲುಲು ಹಾಕುತ್ತಲೇ ಮೆಟ್ಟಿಲಿಳಿದು ಬಂದು, ತನಗೇ ಹೇಳದೆ ಹುಡುಗಿಯನ್ನು ಕಳಿಸುತ್ತೀರಾ ಎಂದು ಇಡೀ ಮನೆಯನ್ನು ತರಾಟೆಗೆ ತೆಗೆದುಕೊಂಡರು. ತಾಂತ್ರಿಕ ಪ್ರಮಾಣಪತ್ರವಾಗಿ ಇದನ್ನೇ ಪರಿಗಣಿಸತಕ್ಕದ್ದು.

7. ಅದೇ ಸಂಜೆ ಬಂದ ಹೈಸಮ್ ಕೇಳಿ, ಇನ್ನೂ ಶ್ರುತಿ ಸೇರಿಲ್ಲವಲ್ಲ ಎಂದು ಕೈ ಚಾಚಿದನು. “ಮುಟ್ಟಿ ನೋಡು. ಗುರುವಾರ ನೀನೊಬ್ಬನೇ ಮೆರವಣಿಗೆ ಹೊರಡ್ತೀಯ,” ಎಂದಳು ಶುರೂಕ್. ಹುಡುಗ ಕೈಯನ್ನು ಬಸ್ಬೂಸಾ ಕಡೆಗೆ ತಿರುಗಿಸಿದನು. ಅರ್ಜಿದಾರರಿಗೆ ಅವನ ಮೇಲೆ ಮೊದಲ ಬಾರಿಗೆ ಭರವಸೆ ಮೂಡಿತು.

8. ಇಂದು ಬುಧವಾರ. ನಿವೀನ್ ಹಾನಿಮ್ ದನಿಯನ್ನು ಕೇಳಿದರು. ಸದ್ದು ಕಡಿಮೆ ಮಾಡಲಾಗುತ್ತದೆಯೇ ಎಂದರು. ಆಗುವುದಿಲ್ಲ ಎಂದಾಯಿತು. ಮುಖ ಗಂಟಿಕ್ಕಿಕೊಂಡೇ ಇದ್ದರೂ ಮೇಜಿನ ಕೆಳಗೆ ಅವರ ಪಾದ ತಾಳ ಹಾಕುತ್ತಿದ್ದುದನ್ನು ಇನ್ಸಾಫ್ ಕಂಡಿದ್ದಾರೆ. “ನಡೆಯುತ್ತೆ,” ಎಂದರು ಹಾನಿಮ್. ಆದ್ದರಿಂದ ನುಡಿಸುವವರು ಅರ್ಜಿದಾರರೇ.

9. ಅನುಮತಿ ಸಿಕ್ಕ ಮೇಲಷ್ಟೇ ಅರ್ಜಿದಾರರ ಗಮನಕ್ಕೆ ಬಂದ ಅಂಶವೆಂದರೆ, ಝಫ್ಫಾಕ್ಕೆ ಒಂದು ಕೊನೆ ಇರುತ್ತದೆ. ಕೊನೆಯ ಸ್ವರ ಮುಗಿದ ಮೇಲೆ ಹುಡುಗಿಯ ತಂದೆ ಏನು ಮಾಡುತ್ತಾನೆಂಬುದು ಅವರಿಗೆ ಗೊತ್ತಿಲ್ಲ. ಬೇರೆಯವರ ಮದುವೆಗಳಲ್ಲಿ ಆ ಹೊತ್ತಿಗೆ ಅವರು ಯಾವತ್ತೂ ಕೀಬೋರ್ಡಿನ ವೈರು ಸುತ್ತುತ್ತಿರುತ್ತಾರೆ.

ಆದ್ದರಿಂದ ತಾವು ದಯಮಾಡಿ ಶುರೂಕ್ ಇಟ್ಟ ಜಾಗದಲ್ಲೇ, ಯಾವ ಬುದ್ಧಿವಂತರ ಮಾತಿಗೂ ಕಿವಿಗೊಡದೆ, ಗುರುವಾರದ ತನಕ ಅಪಶ್ರುತಿಯಾಗಿ ಮುಂದುವರಿಯಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ, ಕೊಳಾಯಿಯ ಮಟ್ಟಿಗೆ ಅಳಿಯನ ವಿಶ್ವಾಸಿಯೂ ಆದ,
ವಗ್ದಿ ಅಬ್ದುಲ್ ಶಾಫಿ

ಸ್ಥಳ: ಅಡುಗೆಮನೆಯ ಮೇಜು. ಎಲ್ಲರೂ ಮಲಗಿದ್ದಾರೆ.

ಅಡಕಗಳು:
ಅ) ಹೊಸ ದನಿಯ ಪ್ರತಿ, ಹೈಸಮ್‌ಗೆ ಗೊತ್ತಿಲ್ಲದ ಹೆಸರಿನಲ್ಲಿ ಸೇವ್ ಮಾಡಿದ್ದು.
ಆ) ಉಮ್ಮ್ ಜಾಬಿರ್ ಅವರ ಉಲುಲು, ಫೋನಿನಲ್ಲಿ ಹಿಡಿದದ್ದು (ಕಡೆಯಲ್ಲಿ ಬೈಗುಳವೂ ಇದೆ).
ಇ) ಬಸ್ಬೂಸಾ, ಒಂದು ತುಂಡು. ಉಳಿದದ್ದು ಇಷ್ಟೇ.

ವಿಶೇಷ ಕೋರಿಕೆ: ಕೊನೆಯ ಸ್ವರದಲ್ಲಿ ಅರ್ಜಿದಾರರ ಬೆರಳು ಕೀಲಿಯಿಂದ ಏಳುವುದು ತಡವಾದಲ್ಲಿ, ದನಿಯನ್ನು ನಿಲ್ಲಿಸದೆ ಹಿಡಿದುಕೊಂಡಿದ್ದು, ತರುವಾಯ ಅದನ್ನು ಯಂತ್ರದ ದೋಷವೆಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ.